ಚೀಟಿಯಲ್ಲಿ ಹೆಸರು ಬಾರದವಳು

ದರ್ಜಿ ಹೆಂಗಸಿನ ಮನೆಗೆ ಸಂಶೋಧಕಿ ಬರುತ್ತಿರುವುದು ಇದು ಮೂರನೆಯ ವರ್ಷ. ಶಾಲೆಯನ್ನು ತಂದೆತಾಯಿಯೇ ಆರಿಸಿಕೊಳ್ಳಲಿ, ಮಗು ಹೋದಲ್ಲಿಗೆ ಸರ್ಕಾರದ ದುಡ್ಡೂ ಹೋಗಲಿ ಎಂಬ ಯೋಜನೆ ಬಂದಾಗ ಹೊಸ ಶಾಲೆಗೆ ಜನ ಮುಗಿಬಿದ್ದಿದ್ದರು. ಸೀಟು ಕಮ್ಮಿಯೆಂದು ಚೀಟಿ ಎತ್ತಿದರು. ದರ್ಜಿಯ ಮಗಳು ಗುಬ್ಬಿಯ ಹೆಸರು ಬರಲಿಲ್ಲ. ಚೀಟಿಯಲ್ಲಿ ಗೆದ್ದ ಮಕ್ಕಳು, ಸೋತ ಮಕ್ಕಳು ಎಷ್ಟೆಷ್ಟು ಕಲಿತರು ಎಂದು ವರ್ಷಕ್ಕೊಮ್ಮೆ ಪರೀಕ್ಷೆ ಕೊಟ್ಟು ಹೋಲಿಸುವುದು ಸಂಶೋಧಕಿಯ ಕೆಲಸ.

ಈ ಸಲವೂ ಗುಬ್ಬಿ ತಲೆ ಬಾಚಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಾದಿದ್ದಳು. ತಾಯಿ ಮಿಷನ್ನಿನ ಮೇಲಿದ್ದ ಬಟ್ಟೆ ಸರಿಸಿ ಜಾಗ ಮಾಡಿದಳು.

"ಮೇಡಂ, ವರ್ಷವಿಡೀ ಕೂರಿಸಿ ಓದಿಸಿದೀನಿ. ಈ ಸಲ ಸೀಟು ಸಿಗುತ್ತೆ ಅಲ್ವಾ?"

ಸಂಶೋಧಕಿ ಮೊದಲ ದಿನವೇ ಬಿಡಿಸಿ ಹೇಳಿದ್ದಳು. ಈಕೆಯ ಕಿವಿಗೆ ಅದು ಬಿದ್ದೇ ಇರಲಿಲ್ಲ.

"ಅಕ್ಕಾ, ಈ ಪರೀಕ್ಷೆಗೂ ಸೀಟಿಗೂ ಸಂಬಂಧ ಇಲ್ಲ. ನಾವು ಬರೀ ಹೋಲಿಸಿ ನೋಡೋರು."

"ಹೋಲಿಸೋಕೆ ಸೋತೋರು ಬೇಕಾ?"

"ಬೇಕು." ಸುಳ್ಳು ಬಾಯಿಗೆ ಬರಲಿಲ್ಲ.

ತಾಯಿ ಗುಬ್ಬಿಯತ್ತ ಕೈ ತೋರಿದಳು. "ಇವಳ ಶಾಲೇಲಿ ಲೆಕ್ಕದ ಮೇಷ್ಟ್ರೇ ಇಲ್ಲ ಮೇಡಂ. ಅರ್ಧ ಮಕ್ಕಳು ಬಿಟ್ಟುಹೋದ್ರು, ದುಡ್ಡೂ ಅವರ ಹಿಂದೆನೇ ಹೋಯ್ತು. ಸಂಬಳ ಕೊಡೋಕಾಗಲ್ಲ ಅಂತ ಮೇಷ್ಟ್ರನ್ನ ಕಳಿಸಿಬಿಟ್ರು."

ಸಂಶೋಧಕಿ ಹೊರಗೆ ಬಂದು ತನ್ನ ಮುಖ್ಯಸ್ಥರಿಗೆ ಫೋನ್ ಮಾಡಿ, ಇದೊಂದು ಮಗುವನ್ನು ಹೇಗಾದರೂ ಸೇರಿಸಿ ಎಂದು ಅಂಗಲಾಚಿದಳು.

"ನಾನೇನು ಶಾಲೆ ನಡೆಸ್ತಿದೀನಾ? ಸೋತ ಮಕ್ಕಳು ನೂರಾರು ಇದಾರೆ. ನೀವು ಇದಕ್ಕೆಲ್ಲ ಕೈ ಹಾಕಿದ್ರೆ ಅಧ್ಯಯನಾನೇ ಕೆಟ್ಟುಹೋಗುತ್ತೆ" ಎಂದರು ಅವರು.

ಹೊಸ ಶಾಲೆಯ ಮುಖ್ಯೋಪಾಧ್ಯಾಯಿನಿಯನ್ನೂ ಕೇಳಿದಳು. ಇರುವೆ ಕೂರೋಕೂ ಜಾಗವಿಲ್ಲ ಎಂದು ಆಕೆ ಫೋನ್ ಇಟ್ಟರು.

ಒಳಗೆ ಬಂದವಳ ಮುಖ ನೋಡಿಯೇ ತಾಯಿಗೆ ಎಲ್ಲ ತಿಳಿಯಿತು. ಆದರೂ ಕುರ್ಚಿ ಎಳೆದು ಹಾಕಿದಳು. "ಹೇಗೂ ಬಂದಿದೀರಿ, ಕೂತ್ಕೊಳ್ಳಿ. ಒಂದ್ಸಲ ಅವಳು ಬರೆಯೋದು ನೋಡಿ. ಚೆನ್ನಾಗಿ ಬರೆದ್ರೆ ಯಾರಿಗಾದ್ರೂ ತೋರಿಸಬಹುದಲ್ಲ?"

ಆ ಆಸೆಗೆ ನೀರೆರೆಯದೆ ಎದ್ದು ಹೋಗಬೇಕಿತ್ತು. ಸಂಶೋಧಕಿ ಪ್ರಶ್ನೆಪತ್ರಿಕೆ ಕೊಟ್ಟಳು.

ಓದಿ ಉತ್ತರಿಸುವ ಭಾಗವನ್ನು ಗುಬ್ಬಿ ಸರಸರನೆ ಮುಗಿಸಿದಳು. ಭಿನ್ನರಾಶಿಯ ಲೆಕ್ಕ ಬಂದಾಗ ಪೆನ್ಸಿಲ್ ನಿಂತಿತು.

"ಮಿಸ್, ಇದನ್ನ ನಮಗೆ ಯಾರೂ ಹೇಳಿಕೊಟ್ಟಿಲ್ಲ" ಎಂದಳು.

ಒಂದೇ ನಿಮಿಷದಲ್ಲಿ ಹೇಳಿಕೊಡಬಹುದಿತ್ತು. ಹೇಳಿಕೊಡುವ ಹಾಗಿರಲಿಲ್ಲ. ಬಾಗಿಲಲ್ಲಿ ತಾಯಿ ನೋಡುತ್ತ ನಿಂತಿದ್ದಳು. ಸಂಶೋಧಕಿ ತಲೆ ತಗ್ಗಿಸಿ ಸೊನ್ನೆ ಹಾಕಿದಳು. ಗುಬ್ಬಿ ಮುಂದಿನ ಲೆಕ್ಕಕ್ಕೆ ಹೋದಳು. ಅದೂ ಭಿನ್ನರಾಶಿಯದೇ.