ಗೋಬರ್ ಗ್ಯಾಸಿಗೆ ಹೆಪ್ಪು

ಲೋಕದ ಸೊಸೆಯರೆಲ್ಲ ಅತ್ತೆಯನ್ನು ಯಾವಾಗ ಆಚೆ ಸಾಗಿಸಲಿ ಎಂದು ಕಾಯುತ್ತಿದ್ದರೆ, ವಸ್ತಾರೆ ಹತ್ತಿರದ ಪ್ರೇಮಕುಮಾರಿಗೆ ತನ್ನ ಅತ್ತೆಯನ್ನು ಯಾರಾದರೂ ಹಾರಿಸಿಕೊಂಡು ಹೋದಾರೆಂಬ ಭಯ. ಯಾರಾದರೂ ಎಂದರೆ ಮತ್ಯಾರಲ್ಲ, ಮೈದುನ ರಾಜೀವನ ಹೆಂಡತಿ ಸೌಂದರ್ಯ. ಅಣ್ಣತಮ್ಮಂದಿರು ತೋಟ ಪಾಲು ಮಾಡಿಕೊಂಡು ಒಂದೇ ಅಂಗಳದ ಆಚೆ ಈಚೆ ಮನೆ ಹೂಡಿದಾಗ ಅತ್ತೆ ರಂಗಮ್ಮ ಹಿರಿಯ ಮಗ ಮಂಜಯ್ಯನ ಕಡೆ ಉಳಿದಿದ್ದರು. ತಾಯಿಯಿಲ್ಲದೆ ಬೆಳೆದ ಪ್ರೇಮಕುಮಾರಿಗೆ ಸೀರೆ ನೆರಿಗೆಯಿಂದ ಹಿಡಿದು ಕೆಸುವಿನ ಸೊಪ್ಪಿನ ತುರಿಕೆ ಕಳೆಯುವವರೆಗೆ ಎಲ್ಲವನ್ನೂ ಕಲಿಸಿದ್ದು ಆ ಬಾಯಿಜೋರಿನ ಮುದುಕಿಯೇ. ಬೈದರೂ ಸೈ, ಆಕೆ ತನ್ನ ಅಡುಗೆಮನೆ ಬಾಗಿಲಲ್ಲೇ ಕೂತು ಬೈಯಬೇಕು.

ಇಂಥ ಮನೆಗೆ ಗೋಬರ್ ಗ್ಯಾಸ್ ಬಂದು ಕಿಡಿ ಹಚ್ಚಿತು. ಎರಡೂ ಮನೆಗೆ ಒಂದೇ ವರ್ಷ, ಒಬ್ಬನೇ ಮೇಸ್ತ್ರಿ ಗುಂಡಿ ಕಟ್ಟಿ, ಗ್ಯಾಸ್ ತುಂಬಿದಷ್ಟೂ ಮೇಲೇಳುವ ಕಬ್ಬಿಣದ ಡ್ರಮ್ಮು ಕೂರಿಸಿ ಹೋಗಿದ್ದ. ಸೌಂದರ್ಯನ ಗುಂಡಿ ಬಿಸಿಲಿನಲ್ಲಿತ್ತು, ಪ್ರೇಮಕುಮಾರಿಯದು ಹಲಸಿನ ಮರದಡಿ. ತೊಂಬತ್ತೇಳರ ಕಾಫಿ ಕೊಯ್ಲಿನ ಹೊತ್ತಿಗೆ ಚಳಿ ಬಿದ್ದಿತು ನೋಡಿ, ಇವಳ ಡ್ರಮ್ಮು ಮುಖ ಸಣ್ಣ ಮಾಡಿಕೊಂಡು ಕೆಳಗೆ ಕೂತಿತು. ಅವಳದು ಎದೆಯುಬ್ಬಿಸಿ ನಿಂತಿತ್ತು. ಒಂದು ಬೆಳಿಗ್ಗೆ ಕಾಫಿಗೆ ಕಾದು ಕಾದು ಸಾಕಾದ ರಂಗಮ್ಮ ಅಂದರು, "ಸೌಂದರ್ಯನ ಒಲೆ ನೋಡ್ಬೇಕು ಪ್ರೇಮ, ಎಂಥಾ ಉರಿ. ಎಸರಿಟ್ಟು ತಿರುಗೋದ್ರೊಳಗೆ ಕುದ್ದಿರ್ತದೆ."

ಅಷ್ಟು ಸಾಕಾಯಿತು. ಸೌಂದರ್ಯನ ಬಣ್ಣ, ಸೌಂದರ್ಯನ ಜಡೆ, ಸೌಂದರ್ಯ ಮಾಡಿದ ಕಡುಬು, ಎಲ್ಲವನ್ನೂ ಹೇಗೋ ನುಂಗಿಕೊಂಡಿದ್ದವಳಿಗೆ ಈ ಉರಿಯೊಂದು ಗಂಟಲಲ್ಲಿ ಸಿಕ್ಕಿಕೊಂಡಿತು. ಇವತ್ತು ಒಲೆ ಹೊಗಳಿದ ಅತ್ತೆ ನಾಳೆ ಆ ಒಲೆಯ ಮುಂದೆಯೇ ಕೂರುವುದಿಲ್ಲ ಎಂದು ಏನು ಗ್ಯಾರಂಟಿ?

ಆಗ ಕಾಫಿಯ ಪಲ್ಪರ್ ಯಂತ್ರ ನಡೆಯುತ್ತಿತ್ತು. ಹಣ್ಣಿನಿಂದ ಸುಲಿದ ಸಿಪ್ಪೆ ಮನೆಯ ಹಿಂದೆ ರಾಶಿ ಬಿದ್ದು, ಕೊಳೆತು, ಬುರುಬುರು ನೊರೆಯೇಳುತ್ತಿತ್ತು. ಬಡ ಸಗಣಿಗೇ ಇಷ್ಟು ಗ್ಯಾಸ್ ಬರುವುದಾದರೆ ಇದಕ್ಕೆ ಎಷ್ಟು ಬರಬೇಡ ಎಂದುಕೊಂಡಳು ಮಾರಾಯ್ತಿ. ಗಂಡಸರು ತೋಟಕ್ಕೆ ಹೋದ ಮೇಲೆ ಬುಟ್ಟಿಗಟ್ಟಲೆ ಸಿಪ್ಪೆ ಹೊತ್ತು ಗುಂಡಿಗೆ ಸುರಿದಳು. ಡ್ರಮ್ಮು ಎದ್ದಿತಪ್ಪ! ಸೌಂದರ್ಯನದಕ್ಕಿಂತ ಒಂದು ಗೇಣು ಮೇಲೆ. ಏನೋ ಕೇಳುವ ನೆವ ಮಾಡಿ ಸೌಂದರ್ಯನನ್ನು ಕರೆದು, ಡ್ರಮ್ಮಿನ ಪಕ್ಕದಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸಿದಳು.

ಮರುದಿನ ಒಲೆ ಹತ್ತಲಿಲ್ಲ. ಬರ್ನರ್ ತಿರುಗಿಸಿದರೆ ಬುಸ್ಸೆಂದು ಹುಳಿ ನಾತ ಬರುತ್ತದೆ, ಕಡ್ಡಿ ಗೀರಿದರೆ ಕಡ್ಡಿಯೇ ಆರುತ್ತದೆ. ಪೊಟ್ಟಣ ಖಾಲಿಯಾಯಿತೇ ಹೊರತು ಒಂದು ಎಳೆ ಉರಿ ಬರಲಿಲ್ಲ. ಸೌದೆ ಒಲೆಗೆ ಹೋಗೋಣವೆಂದರೆ ಅದೆಲ್ಲಿದೆ? ಗ್ಯಾಸ್ ಬಂದ ವಾರವೇ ಅದನ್ನು ಒಡೆಸಿ ಕಡಪ ಕಲ್ಲು ಹಾಸಿಸಿದ್ದಳು. ಸೌಂದರ್ಯ ಹಳೇ ಒಲೆಯನ್ನು ಮೂಲೆಯಲ್ಲಿ ಉಳಿಸಿಕೊಂಡದ್ದಕ್ಕೆ ಮೂಗು ಮುರಿದಿದ್ದೂ ಉಂಟು. ಮಾಡಿದ್ದುಣ್ಣೋ ಮಹಾರಾಯ ಎಂಬಂತೆ ಈಗ ಜಗಲಿಯಲ್ಲಿ ಮೂರು ಕಲ್ಲು ಹೂಡಿ, ಹಸಿ ಸಿಲ್ವರ್ ಓಕ್ ರೆಂಬೆ ಊದುತ್ತ ಆಳುಗಳಿಗೆ ಕಾಫಿ ಕಾಸಬೇಕಾಯಿತು.

ರಂಗಮ್ಮನಿಗೆ ಉಬ್ಬಸ. ಹೊಗೆ ಆಗದು. ಮೊದಲು ಊಟಕ್ಕೆ ಮಾತ್ರ ಅಂಗಳ ದಾಟಿದರು. ಆಮೇಲೆ ಕಂಬಳಿ ಹೋಯಿತು. ಕೊನೆಗೆ ಎಲೆಯಡಿಕೆ ಪೆಟ್ಟಿಗೆಯೂ ಹೋಯಿತು. ಆ ಪೆಟ್ಟಿಗೆ ಎಲ್ಲಿರುತ್ತದೋ ಅದೇ ರಂಗಮ್ಮನ ಮನೆ ಎಂದು ಊರಿಗೇ ಗೊತ್ತು. ಗ್ಯಾಸ್ ಹತ್ತಿದ ದಿನ ಬರುತ್ತೇನೆ ಎಂದೇನೋ ಹೇಳಿಹೋಗಿದ್ದರು. ಆದರೆ ಆ ಕಡೆ ಕಿಟಕಿಯಿಂದ ಅತ್ತೆಯ ನಗು ಕೇಳಿದಾಗಲೆಲ್ಲ ಪ್ರೇಮಕುಮಾರಿಯ ಹೊಟ್ಟೆಯಲ್ಲಿ ಹಸಿಮೆಣಸು ಅರೆದಂತಾಗುತ್ತಿತ್ತು. ಇಲ್ಲಿ ಬರೀ ಬೈಗುಳ, ಅಲ್ಲಿ ನಗು. ಇನ್ನು ಬಂದಂತೆಯೇ ಎಂದು ಅತ್ತಳು. ಮಂಜಯ್ಯ ಹೊಗೆಗೆ ಕಣ್ಣು ಉರಿಯುತ್ತಿದೆ ಎಂದುಕೊಂಡ.

ಉಪಾಯ ತಂದವಳು ಬೇರೆ ಯಾರಾದರೂ ಆಗಬಾರದಿತ್ತೇ? ಸೌಂದರ್ಯನೇ ಬಂದಳು, ಸೀರೆ ಎತ್ತಿ ಸಿಕ್ಕಿಸಿ, ಕೈಯಲ್ಲಿ ಬಕೆಟ್ಟು ಹಿಡಿದು.

"ಕಳಸದಲ್ಲಿ ನಮ್ಮ ತವರು ಮನೇದೂ ಒಂದ್ಸಲ ಹೀಗೇ ಹುಳಿ ಹಿಡ್ದು ಸತ್ತೋಗಿತ್ತು ಅಕ್ಕ. ಇರೋದನ್ನ ಅರ್ಧ ತೋಡಿ ಹಾಕಿ, ಸುಣ್ಣದ ತಿಳಿ ಹೊಯ್ದು, ನಡೀತಿರೋ ಗುಂಡಿಯ ಬಗ್ಗಡ ತಂದು ಸೇರಿಸ್ಬೇಕು. ಹಾಲಿಗೆ ಹೆಪ್ಪು ಹಾಕ್ದಂಗೆ."

ನಡೆಯುತ್ತಿರುವ ಗುಂಡಿ ಅಲ್ಲಿದ್ದದ್ದು ಒಂದೇ. ಉಗುಳುವಂತಿಲ್ಲ, ನುಂಗುವಂತಿಲ್ಲ. ಪ್ರೇಮಕುಮಾರಿ ಹೂಂ ಎಂದಳು. ತೋಡುವಾಗ ಮೊದಲ ಬಕೆಟ್ಟಿನಲ್ಲೇ ಕೆಂಪು ಸಿಪ್ಪೆ ತೇಲಿ ಬಂತು. ಸೌಂದರ್ಯ ಸಿಪ್ಪೆ ನೋಡಿದಳು, ಓರಗಿತ್ತಿಯ ಮುಖ ನೋಡಿದಳು. ಅಷ್ಟರಲ್ಲಿ ಮಂಜಯ್ಯ ಜಗಲಿಯಿಂದಲೇ ಏನು ಸಿಕ್ಕಿತೆಂದು ಕೇಳಿದ.

"ಏನಿಲ್ಲ ಭಾವ, ಹಲಸಿನೆಲೆ ಬಿದ್ದು ಕೊಳ್ತಿದೆ," ಎಂದು ಸೌಂದರ್ಯ ಬಕೆಟ್ಟನ್ನು ಗೊಬ್ಬರದ ಗುಂಡಿಗೆ ಬಗ್ಗಿಸಿಬಿಟ್ಟಳು.

ಪ್ರೇಮಕುಮಾರಿಗೆ ನೆಮ್ಮದಿಯ ಉಸಿರು ಬರಬೇಕಿತ್ತು. ಬಂದದ್ದು ಹೊಟ್ಟೆಕಿಚ್ಚೇ. ಗುಟ್ಟು ಮುಚ್ಚುವ ದೊಡ್ಡತನದಲ್ಲೂ ಇವಳೇ ಮೇಲಾಗಬೇಕೇ? ತಾನಾಗಿದ್ದರೆ ಆ ಸಿಪ್ಪೆಯನ್ನು ಅಂಗಳದಲ್ಲಿ ಹರಡಿ ಊರಿಗೆಲ್ಲ ತೋರಿಸುತ್ತಿದ್ದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ದಿನಾ ಬೆಳಿಗ್ಗೆ ಸೌಂದರ್ಯ ಬಗ್ಗಡ ಹೊತ್ತು ತಂದಳು. ಅವಳ ಡ್ರಮ್ಮು ಇಳಿಯುತ್ತ ಹೋಯಿತು. ಒಂದು ಮಧ್ಯಾಹ್ನ ಪ್ರೇಮಕುಮಾರಿ ಆಸೆಯಿಲ್ಲದೆ ಕಡ್ಡಿ ಗೀರಿದಾಗ ಭಗ್ಗನೆ ನೀಲಿ ಉರಿ ಸುತ್ತ ನಿಂತಿತು. ಅವಳು ಒಲೆಗೆ ಕೈಮುಗಿದಳು. ಹಾಲು ಉಕ್ಕುವುದರೊಳಗೆ ಸುದ್ದಿ ಅಂಗಳ ದಾಟಿ, ರಂಗಮ್ಮ ಪೆಟ್ಟಿಗೆ ಕಂಕುಳಲ್ಲಿಟ್ಟುಕೊಂಡು ಬಂದು ತಮ್ಮ ಬಾಗಿಲಲ್ಲಿ ಕೂತು, ಪಾತ್ರೆ ಸರಿಯಾಗಿ ತೊಳೆದಿಲ್ಲವೆಂದು ಬೈದರು. ಪ್ರೇಮಕುಮಾರಿಗೆ ಸ್ವರ್ಗ ಸಿಕ್ಕಿತು.

ಕಿಟಕಿಯಾಚೆ ಸೌಂದರ್ಯನ ಅಡುಗೆಮನೆಯಿಂದ ಹೊಗೆ ಬರುತ್ತಿತ್ತು. ಅಲ್ಲೀಗ ಗ್ಯಾಸ್ ಸಾಲದು, ಹಳೇ ಒಲೆ ಹಚ್ಚಿದ್ದಾಳೆ. ಋಣ ಇಟ್ಟುಕೊಳ್ಳಬಾರದು, ಅಷ್ಟೇ, ಎಂದು ತನಗೆ ತಾನೇ ಹೇಳಿಕೊಂಡು ಪ್ರೇಮಕುಮಾರಿ ಒಂದು ಲೋಟ ಕಾಫಿ ಹಿಡಿದು ಹೋದಳು. ಸೌಂದರ್ಯ ಊದುಗೊಳವೆ ಹಿಡಿದು ಕೂತಿದ್ದಳು. ಕಣ್ಣು ಕೆಂಪಾಗಿದ್ದವು. ಹೊಗೆಯಾ ಎಂದು ಕೇಳಿದ್ದಕ್ಕೆ ಅಲ್ಲವೆಂದು ತಲೆಯಾಡಿಸಿದಳು.

"ಅತ್ತೆ ಪೆಟ್ಟಿಗೆ ತಗೊಂಡು ಹೊರಟ್ರಲ್ಲ ಅಕ್ಕ. ನಾನು ಮದ್ವೆಯಾಗಿ ಬಂದಾಗಿಂದ ಒಂದಿನಾನೂ ನಮ್ಮನೇಲಿ ಮಲಗಿರ್ಲಿಲ್ಲ ಅವ್ರು. ನಗ್ತಾ ಇರ್ತಿದ್ರು, ನೆಂಟರ ಮನೇಲಿ ನಗ್ತಾರಲ್ಲ, ಹಂಗೆ. ಒಂದಿನಾನಾದ್ರೂ ನಿಮ್ಗೆ ಬೈದಂಗೆ ನಂಗೆ ಬೈಲಿಲ್ಲ. ನಿಮ್ಮ ಗ್ಯಾಸ್ ಹತ್ತದೇ ಇರ್ಲಿ ಅಂತ ದಿನಾ ಬೆಳಿಗ್ಗೆ ದೇವ್ರನ್ನ ಬೇಡ್ಕೋತಿದ್ದೆ. ಆಮೇಲೆ ಬಕೆಟ್ ಹಿಡ್ಕೊಂಡು ಬರ್ತಿದ್ದೆ."

ಪ್ರೇಮಕುಮಾರಿಗೆ ಲೋಟ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಇಷ್ಟು ದಿನ ತಾನು ಈ ಮನೆಯ ಉರಿಯನ್ನು ನೋಡುತ್ತಿದ್ದರೆ, ಈ ಹುಡುಗಿ ತನ್ನ ಮನೆಯ ಬೈಗುಳಕ್ಕೆ ಕಿವಿಗೊಟ್ಟು ಕೂತಿದ್ದಳು. ಬಾಯಿ ತಾನಾಗಿ ಆಡಿತು.

"ನಿನ್ನ ಡ್ರಮ್ಮು ಏಳೋವರೆಗೂ ನೀವಿಬ್ರೂ ನಮ್ಮಲ್ಲೇ ಉಣ್ಣಿ. ಅದು ಎದ್ದ ಮೇಲೆ ಅತ್ತೇದು ರಾತ್ರಿ ಊಟ, ನಿದ್ದೆ ಇಲ್ಲೇ. ಪೆಟ್ಟಿಗೆ ಸಮೇತ ಕಳಿಸ್ತೀನಿ."

ಅಂಗಳ ದಾಟುವುದರೊಳಗೆ ಹೇಳಿದ ಮಾತಿಗೆ ತನ್ನನ್ನೇ ಬೈದುಕೊಂಡಳು. ಯಾರು ಹೇಳೆಂದರು ತನಗೆ? ಆ ಡ್ರಮ್ಮು ಯುಗಾದಿಯವರೆಗೂ ಏಳದಿದ್ದರೆ ಎಷ್ಟು ಚೆಂದ. ಮರುದಿನ ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ, ನಾಚಿಕೆಯಿಲ್ಲದೆ ಅದನ್ನೇ ಬೇಡಿಕೊಂಡಳು. ಆಮೇಲೆ ತನ್ನ ಕೊಟ್ಟಿಗೆಯ ಸಗಣಿಯನ್ನೆಲ್ಲ ಬುಟ್ಟಿಗೆ ಬಳಿದು, ಹೊತ್ತುಕೊಂಡು ಹೋಗಿ, ಸೌಂದರ್ಯನ ಗುಂಡಿಗೆ ಸುರಿದು ಬಂದಳು.