ಗೇಟಿಗೆ ಅಡ್ಡ ಕೂತ ಬಾಣಂತಿ

“ಯಾರ ಕಡೆಯವರು ನೀವು? ಒಳಗೆ ಯಾರನ್ನು ನೋಡ್ಲಿಕ್ಕುಂಟು?”

ಅಣೆಕಟ್ಟಿನ ಗೇಟು ಕಾಯುವ ರೋಶನ್ ಮಂಗಳೂರು ಕಡೆಯವನು. ಮಲ್ಲಕ್ಕನ ಹರಕುಮುರುಕು ಮರಾಠಿ ಕೇಳಿದ್ದೇ ಕನ್ನಡಕ್ಕೆ ಇಳಿದಿದ್ದ.

“ಹಣಮಂತನ ಕಡಿಯವರು,” ಎಂದಳು ಮಲ್ಲಕ್ಕ.

“ಯಾವ ಡಿಪಾರ್ಟ್‌ಮೆಂಟು?”

“ಗ್ವಾಡಿಯೊಳಗ ಅದಾನ.”

ರೋಶನ್ ನಗಲು ಹೋದವನು ಅವಳ ಮುಖ ನೋಡಿ ಕೈಯಲ್ಲಿದ್ದ ರಿಜಿಸ್ಟರ್ ಮುಚ್ಚಿದ.

ಇಪ್ಪತ್ತೆಂಟು ವರ್ಷಗಳ ಹಿಂದೆ ಈ ಹಳ್ಳಕ್ಕೆ ಗೋಡೆ ಏಳುವಾಗ ಗಂಡಹೆಂಡಿರಿಬ್ಬರೂ ಇಂಡಿ ತಾಲ್ಲೂಕಿನಿಂದ ಬಂದು ಇಲ್ಲಿ ಬುಟ್ಟಿ ಹೊತ್ತಿದ್ದರು. ಒಂದು ಸಂಜೆ ಹಲಗೆ ಜಾರಿ ಹಣಮಂತ ಹಸಿ ಕಾಂಕ್ರೀಟಿನೊಳಗೆ ಬಿದ್ದ. ಮಿಶಿನ್ನು ನಿಲ್ಲಲಿಲ್ಲ. ಮರುದಿನ ಕಂತ್ರಾಟುದಾರನ ಗುಮಾಸ್ತ ಹಾಜರಿ ಪುಸ್ತಕದಲ್ಲಿ ‘ಓಡಿಹೋದ’ ಎಂದು ಬರೆದು ಕೈತೊಳೆದುಕೊಂಡ. ಆಗ ಮಗ ಅನಿಲ ಹೊಟ್ಟೆಯಲ್ಲಿದ್ದ. ಓಡಿಹೋದವನ ಹೆಂಡತಿ ಎಂಬ ಮಾತು ಮಲ್ಲಕ್ಕನಿಗಿಂತ ಮೊದಲೇ ಊರು ಮುಟ್ಟಿತು. ಅವಳು ಊರಿಗೆ ಹೋಗಲೇ ಇಲ್ಲ. ಬೊರಿವಲಿಯ ಚಾಳಿನಲ್ಲಿ ಉಳಿದಳು. ಅಲ್ಲಿನ ನಲ್ಲಿಗೆ ಬರುವುದು ಇದೇ ನೀರು, ಬಲ್ಬಿಗೆ ಬರುವುದು ಇದೇ ಕರೆಂಟು.

ಇವತ್ತು ಮೊಮ್ಮಗನಿಗೆ ಹದಿಮೂರನೆಯ ದಿನ. ಸಂಜೆ ತೊಟ್ಟಿಲು. ಅದಕ್ಕೆ ಮೊದಲು ಬಾಣಂತಿ ನೀರಿನ ದಂಡೆಗೆ ಹೋಗಿ ಗಂಗವ್ವನ ಪೂಜೆ ಮಾಡಿ, ಕೊಡ ತುಂಬಿ ತರಬೇಕು; ಅಲ್ಲಿಯತನಕ ಅವಳು ಮನೆಯ ನೀರು ಮುಟ್ಟುವಂತಿಲ್ಲ. ಚಾಳಿನವರೆಲ್ಲ ಮನೆಯ ನೀರಿನ ಡ್ರಮ್ಮಿಗೆ ಅರಿಷಿಣ ಹಚ್ಚಿ ಮುಗಿಸುತ್ತಾರೆ. ಮಲ್ಲಕ್ಕ ಮಾತ್ರ ಮಗ, ಸೊಸೆ, ಕೂಸನ್ನು ರೈಲು, ರಿಕ್ಷಾ ಹತ್ತಿಸಿಕೊಂಡು ಇಲ್ಲಿಗೇ ಬಂದಿದ್ದಳು. ಅಜ್ಜನಿಗೆ ಮೊಮ್ಮಗನನ್ನು ತೋರಿಸದೆ ತೊಟ್ಟಿಲಿಗೆ ಹಾಕುವುದು ಅವಳಿಂದಾಗದ ಮಾತು.

“ಅಮ್ಮ, ಬಿಡ್ಲಿಕ್ಕೆ ಇಲ್ಲ. ನನ್ನ ಕೆಲಸ ಹೋಗ್ತದೆ.”

“ನೀ ಬಿಡಬ್ಯಾಡಪಾ. ನಾವು ಇಲ್ಲೇ ಕುಂದರತೀವಿ.” ಗೇಟಿನ ನಟ್ಟನಡುವೆ ಕೌದಿ ಹಾಸಿ ಸೊಸೆ ಶಿವಕುಮಾರಿಯನ್ನು ಕೂರಿಸಿದಳು. ತಲೆಗೆ ಸೆರಗು ಬಿಗಿದು, ಒಂದು ಕೈಯಲ್ಲಿ ಬೇವಿನ ಸೊಪ್ಪು ಹಿಡಿದ ಹುಡುಗಿ ತುಟಿ ಬಿಚ್ಚದೆ ಕೂತಳು.

ಸ್ವಲ್ಪ ಹೊತ್ತಿಗೆ ಜೀಪು ಬಂತು. ಹಾರ್ನಿಗೆ ಕೂಸು ಎದ್ದು ಕಿರುಚಿತು. ಶಿವಕುಮಾರಿ ಜೀಪಿಗೆ ಬೆನ್ನು ಹಾಕಿ ಮೊಲೆಗೆ ಹಚ್ಚಿದಳು. ಇನ್ನು ಅವಳನ್ನು ಎಬ್ಬಿಸುವ ಗಂಡಸು ಯಾರು?

“ಯೇ ಕ್ಯಾ ತಮಾಶಾ ಹೈ?” ಜೀಪಿನೊಳಗಿಂದ ಇಂಜಿನಿಯರು ಕೂಗಿದ. ರೋಶನ್ ಹೇಳಿದ್ದನ್ನು ಕೇಳಿ, ಪವರ್ ಹೌಸಿನ ನಲ್ಲಿಯಿಂದ ಒಂದು ಬಕೀಟು ತಂದುಕೊಡಲು ಹೇಳಿದ.

“ಬಕೀಟಿನ್ಯಾಗ ಗಂಗವ್ವ ಬರೂದಿದ್ರ ನಮ್ಮ ಮನ್ಯಾಗ ಡ್ರಮ್ಮ ಐತಿ,” ಎಂದಳು ಮಲ್ಲಕ್ಕ.

“ಅವ್ವಾ, ಪೊಲೀಸರ್ನ ಕರೀತಾರ. ನಡಿ, ಚಲೋ ನಾ,” ಅನಿಲ ನಾಚಿ ನೀರಾದ.

“ಕರೀಲಿ. ಅವರಿಗೂ ಒಂದೊಂದ ಹೋಳು ಕೊಬ್ಬರಿ ಕೊಡ್ತೀನಿ.”

ಪವರ್ ಹೌಸಿನ ಪಾಳಿ ಬದಲಾಗುವ ಹೊತ್ತು. ಜೀಪಿನ ಹಿಂದೆ ಬಸ್ಸು, ಬಸ್ಸಿನ ಹಿಂದೆ ಎರಡು ಬೈಕು ನಿಂತವು. ಇಂಜಿನಿಯರು ಗಡಿಯಾರ ನೋಡಿದ, ಕೂಸಿನತ್ತ ನೋಡಿದ, ಕೊನೆಗೆ ಕೈ ಬೀಸಿದ. “ದಸ್ ಮಿನಿಟ್.”

ಗೋಡೆಯ ಪಕ್ಕದ ಮೆಟ್ಟಿಲಿಳಿದು ನೀರಿನಂಚಿಗೆ ಹೋದರು. ಶಿವಕುಮಾರಿ ಐದು ಕಲ್ಲು ಆರಿಸಿ ತೊಳೆದಿಟ್ಟು ಅರಿಷಿಣ ಕುಂಕುಮ ಏರಿಸಿದಳು. ಮಲ್ಲಕ್ಕ ಕೂಸಿನ ಅಂಗೈ ಬಿಡಿಸಿ ಗೋಡೆಗೆ ಒತ್ತಿ ಹಿಡಿದಳು. ಬಿಸಿಲಿಗೆ ಗೋಡೆ ಬೆಚ್ಚಗಿತ್ತು. ಏನೇನೋ ಹೇಳಬೇಕೆಂದು ಬಂದಿದ್ದಳು. ಸಿಟ್ಟೊಂದನ್ನು ಬಿಟ್ಟು ಬೇರೇನೂ ಬಾಯಿಗೆ ಬರಲಿಲ್ಲ. “ನೋಡ್ಕೋ,” ಎಂದಳು, ಅಷ್ಟೇ.

ವಾಪಸು ಬರುವಾಗ ರೋಶನ್ ರಿಜಿಸ್ಟರ್ ಬಿಚ್ಚಿದ. ಒಳಗೆ ಹೋದವರು, ಹೊರಗೆ ಬಂದವರು, ಎಲ್ಲರ ಹೆಸರೂ ಬೇಕಂತೆ. ಮೂವರದನ್ನು ಬರೆದು ಕೇಳಿದ, “ಬಾಬುವಿನ ಹೆಸರು?”

“ಇನ್ನೂ ಇಟ್ಟಿಲ್ಲ. ರಿಯಾಂಶ್ ಅಂತ ಫೋನಿನ್ಯಾಗ ನೋಡೀನಿ,” ಎಂದ ಅನಿಲ.

“ಹಣಮಂತ ಅಂತ ಬರೀರಿ.”

ಬೆಳಗಿನಿಂದ ಬಾಯಿ ಬಿಡದ ಶಿವಕುಮಾರಿ ಹೇಳಿದ್ದಳು. ಅನಿಲ ತಾಯಿಯ ಮುಖ ನೋಡಿ, ತೆಗೆದಿದ್ದ ಫೋನನ್ನು ಮತ್ತೆ ಕಿಸೆಗಿಳಿಸಿದ.

“ಒಳಗ ಹ್ವಾದಾಂವ ಹೊರಗ ಬಂದ ಅಂತ ಬರೀರಿ, ಅಣ್ಣಾ. ಚಂದಂಗ ಕಾಣಬೇಕು,” ಎಂದು ಶಿವಕುಮಾರಿಯೇ ಸೇರಿಸಿದಳು.

ರೋಶನ್ ಒತ್ತಿ ಒತ್ತಿ ಬರೆದ. ಓದು ಬರದ ಮಲ್ಲಕ್ಕ ಬಗ್ಗಿ ಆ ಸಾಲನ್ನೇ ನೋಡುತ್ತಿದ್ದಳು. ಶಿವಕುಮಾರಿ ತುಂಬಿದ ಕೊಡವನ್ನು ಟೊಂಕಕ್ಕೇರಿಸಿ, ನೀರು ತುಳುಕಿಸುತ್ತ, ಸಾಲಾಗಿ ನಿಂತ ಬಸ್ಸು ಬೈಕುಗಳ ನಡುವೆ ಆಗಲೇ ನಡೆದಿದ್ದಳು.