ಅಕ್ಕನ ದವಡೆ, ತಂಗಿಯ ಏಣಿ

ಅಂಗಡಿಗಳ ಬೋರ್ಡು ಬರೆಯುವ ತಂಗಿಗೆ ಅರವತ್ತರ ಹತ್ತಿರವೂ ಏಣಿ ಹತ್ತುವುದೆಂದರೆ ಬೇರೆಯವರು ಕುರ್ಚಿಯಲ್ಲಿ ಕೂತಷ್ಟೇ ಸಲೀಸು. ಹಲ್ಲುನೋವೆಂದು ಬಂದ ಅವಳ ಇಡೀ ದವಡೆಯ ಎಕ್ಸ್‌ರೇ ತೆಗೆಸಿದ ದಂತವೈದ್ಯೆ, ಹಲ್ಲಿನ ಮಾತು ಮುಗಿದ ಮೇಲೂ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಕೆಳದವಡೆಯ ಅಂಚು ತೆಳ್ಳಗಾದಂಗಿದೆ. ಬೇರೆ ಮೂಳೆಗಳೂ ಸವೆದಿರಬಹುದು. ನೀವು ತಲೆ ಅಲ್ಲಾಡಿಸಿ ಚಿತ್ರ ಮಸುಕಾಗಿದೆ. ನಾಳೆ ಇನ್ನೊಂದ್ಸಲ ತೆಗೆಸಿ. ಆಗ್ಲೂ ಹೀಗೇ ಕಂಡ್ರೆ ಸೊಂಟದ ಸ್ಕ್ಯಾನ್ ಆಗ್ಬೇಕು. ಅಲ್ಲೀತನಕ ಏಣಿ ಬೇಡ."

ತಂಗಿ ಮನೆಗೆ ಬಂದು ಮುಖ ಊದಿಸಿಕೊಂಡು ಕೂತಳು. ಏಣಿಯಿಲ್ಲದೆ ಬೋರ್ಡಿಲ್ಲ, ಬೋರ್ಡಿಲ್ಲದೆ ತಾನು ಯಾರೆಂದು ಅವಳಿಗೇ ತಿಳಿಯದು.

"ಅಕ್ಕಾ, ನಾಳೆ ನನ್ ಬದ್ಲು ನೀನು ಹೋಗೇ. ಹೇಗೂ ಅವಳಿ, ಇಬ್ಬರದ್ದೂ ಒಂದೇ ಮುಖ. ಎಕ್ಸ್‌ರೇ ತೆಗೆಯೋಳು ಹೊಸಬಳು. ಡಾಕ್ಟ್ರು ನೋಡೋದು ಚಿತ್ರ ಮಾತ್ರ."

"ನಂಗೇನು ತಲೆ ಕೆಟ್ಟಿದ್ಯಾ?"

"ನಿನ್ ಮೂಳೆ ಗಟ್ಟಿ ಕಣೇ. ಬೀಗದಕೈ ಕಳೆದಾಗ ಬಾಗಿಲನ್ನ ಹೆಗಲಲ್ಲೇ ನೂಕಿ ಮುರಿದೋಳು ನೀನು!"

ಹೊಗಳಿಕೆಗೆ ಅಕ್ಕ ಅರ್ಧ ಕರಗಿದಳು. ಕೆಲಸವಿಲ್ಲದೆ ಮುಖ ಊದಿಸಿಕೊಂಡ ಈ ತಂಗಿಯ ಜೊತೆ ದಿನವಿಡೀ ಮನೆಯಲ್ಲಿರುವುದನ್ನು ನೆನೆದು ಉಳಿದರ್ಧವೂ ಕರಗಿತು.

ಮರುದಿನ ಅಕ್ಕ ತಂಗಿಯ ಹೆಸರಲ್ಲಿ ಯಂತ್ರಕ್ಕೆ ಗದ್ದ ಒಡ್ಡಿ ಕಲ್ಲಿನಂತೆ ನಿಂತಳು. ಸ್ವಲ್ಪ ಹೊತ್ತಿಗೆ ವೈದ್ಯೆ ಬಾಗಿಲಿಗೆ ಬಂದು, ಹೊರಗೆ ಬೆಂಚಿನಲ್ಲಿ ಮುದುಡಿದ್ದ ತಂಗಿಯನ್ನೂ ಒಳಗೆ ಕರೆದಳು.

"ಪರವಾಗಿಲ್ವೇ! ನಾನೇ ಹಿಂದೆ ಕಿತ್ತ ನಿಮ್ಮ ಎರಡು ದವಡೆಹಲ್ಲು ಒಂದೇ ದಿನದಲ್ಲಿ ಮತ್ತೆ ಹುಟ್ಟಿವೆ. ಜೊತೆಗೆ ನಾನು ನಿಮ್ಮಕ್ಕನ ಹಲ್ಲಿಗೆ ತುಂಬಿದ ಸಿಮೆಂಟೂ ನಿಮ್ಮ ಬಾಯಿಗೆ ಬಂದುಬಿಟ್ಟಿದೆ."

ತಂಗಿ ನೆಲ ನೋಡಿದಳು. ಅಕ್ಕ ಛಾವಣಿ ನೋಡಿದಳು.

"ಇವಳೇ ಕಳಿಸಿದ್ದು ಡಾಕ್ಟ್ರೇ."

"ಕಳಿಸಿದ್ರೆ ಬಂದ್ಬಿಡೋದಾ?" ಎಂದಳು ತಂಗಿ.

ವೈದ್ಯೆ ನಗುತ್ತಲೇ ಪರದೆಯನ್ನು ಅವರತ್ತ ತಿರುಗಿಸಿದಳು. ಆಮೇಲೆ ನಗಲಿಲ್ಲ. "ಇದು ಸ್ಪಷ್ಟವಾಗಿದೆ. ನಿಮ್ಮಕ್ಕನ ದವಡೆಯ ಅಂಚು ನಿಮ್ಮದಕ್ಕಿಂತ ತೆಳ್ಳಗಿದೆ. ಒಳಗೆ ನುಸಿ ತಿಂದಂಗಿದೆ, ನೋಡಿ. ಹಲ್ಲಿನ ಎಕ್ಸ್‌ರೇ ಸುಳಿವು ಕೊಡುತ್ತೆ ಅಷ್ಟೇ. ನಿಜ ಗೊತ್ತಾಗೋಕೆ ಸ್ಕ್ಯಾನೇ ಆಗ್ಬೇಕು."

ಪ್ರತಿ ಬೋರ್ಡಿಗೂ ಏಣಿಯ ಬುಡ ಹಿಡಿದು ನಿಲ್ಲುವವಳು ಅಕ್ಕ. ಇಷ್ಟು ದಿನ ತಂಗಿ ತಾನು ಮೇಲಿನಿಂದ ಬೀಳುವುದನ್ನಷ್ಟೇ ಯೋಚಿಸಿದ್ದಳು. ಯಾರ ಮೇಲೆ ಎಂದು ಯೋಚಿಸಿರಲಿಲ್ಲ.

"ಸ್ಕ್ಯಾನ್ ಇವತ್ತೇ ಆಗುತ್ತಾ?" ತಂಗಿಯ ದನಿ ಸಣ್ಣಗಾಗಿತ್ತು. "ಮೊದಲು ಇವಳಿಗೆ. ಆಮೇಲೆ ನಂಗೆ."

"ನೀವೇ ಬರ್ತೀರೋ, ಇನ್ಯಾರನ್ನಾದ್ರೂ ಕಳಿಸ್ತೀರೋ?"

ತಂಗಿ ಫೋನೆತ್ತಿ ಬಟ್ಟೆ ಅಂಗಡಿಯವನಿಗೆ ಹೇಳಿದಳು: "ಬೋರ್ಡು ಕೆಳಗಿಳಿಸಿ ಗೋಡೆಗೆ ಒರಗಿಸಿಡಿ. ನೆಲದ ಮೇಲೆ ನಿಂತೇ ಬರೀತೀನಿ. ಹೂಂ, ನಾನೇ ಹೇಳ್ತಿರೋದು."

"ಹಂಗಾದ್ರೆ ನಂಗೇನೇ ಕೆಲ್ಸ?" ಅಕ್ಕ ಕೇಳಿದಳು.

"ಸ್ಟೂಲ್ ಹಾಕ್ಕೊಂಡು ಕೂತು ತಪ್ಪು ಹುಡುಕು. ಅದ್ರಲ್ಲಿ ನಿನ್ನ ಮೀರಿಸೋರಿಲ್ಲ."